ಗೊಬ್ಬರದ ಫಲವೂ ನಾಲ್ಕು ತಾಕುಗಳ ಲೆಕ್ಕವೂ

ಮುಂಗಾರಿನ ಹದ ನೋಡಿ ರಾಗಿಯ ಬಿತ್ತನೆಗೆ ಸಿದ್ಧತೆ ನಡೆಯುವ ಕಾಲದಲ್ಲಿ ಪ್ರತಿಯೊಂದು ಗ್ರಾಮದಲ್ಲಿಯೂ ಕೇಳಿಬರುವ ಪ್ರಶ್ನೆಯೊಂದುಂಟು. ರಾಸಾಯನಿಕ ಗೊಬ್ಬರವನ್ನು ಹಾಕಿದರೆ ಎಕರೆಗೆ ಎಷ್ಟು ಬೆಳೆ ಹೆಚ್ಚಾಗುವುದು? ಪ್ರಶ್ನೆಯು ಸರಳವಾದುದು, ಉತ್ತರವೂ ಅಷ್ಟೇ ಸರಳವಾಗಿರಬೇಕೆಂದು ಕೇಳುವವರ ಅಪೇಕ್ಷೆ. ಆದಕಾರಣ ಅಂಗಡಿಯವರೂ, ಪ್ರಚಾರ ಪತ್ರಗಳೂ, ಕೆಲವು ವೇಳೆ ವಿಷಯವನ್ನು ಬಲ್ಲವರೂ ಸಹ, ಒಂದೇ ಒಂದು ಅಂಕಿಯನ್ನು ಹೇಳಿ ಮುಗಿಸಿಬಿಡುವರು. ಹಾಗೆ ಹೇಳಿದ ಅಂಕಿಯು ಸುಳ್ಳೆಂದು ಆಕ್ಷೇಪಿಸುವುದು ಇಲ್ಲಿಯ ಉದ್ದೇಶವಲ್ಲ. ಅದು ಯಾವುದೋ ಒಂದು ಜಮೀನಿನಲ್ಲಿ, ಯಾವುದೋ ಒಂದು ಸ್ಥಿತಿಯಲ್ಲಿ ನಿಜವಾಗಿಯೇ ಇದ್ದೀತು. ಆ ಸ್ಥಿತಿಯನ್ನು ಬಿಟ್ಟು ಅಂಕಿಯನ್ನು ಮಾತ್ರ ಹೇಳುವುದರಿಂದಲೇ ರೈತನ ಹಣಕ್ಕೆ ಹಾನಿಯುಂಟಾಗುವುದು.

ಬೆಂಗಳೂರಿನ ಪಶ್ಚಿಮ ಭಾಗದ ಭೂಮಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳೆಂಬ ಬಡಾವಣೆಗಳಿರುವ ಸ್ಥಳದಲ್ಲಿ ಹಿಂದೆ ಕೇತಮಾರನಹಳ್ಳಿ, ಅತ್ತಿಗುಪ್ಪೆ, ಸಾಣೇಗುರುವನಹಳ್ಳಿ ಮೊದಲಾದ ಗ್ರಾಮಗಳ ಹೊಲಗಳಿದ್ದುವು. ಹೊಲಗಳು ಹೋದುವು, ಹಳ್ಳಿಗಳ ಹೆಸರುಗಳು ಉಳಿದುವು. ಈಗ ರಾಗಿಯ ಸಾಗುವಳಿಯನ್ನು ಕಾಣಬೇಕಾದರೆ ಕೆಂಗೇರಿಯನ್ನು ದಾಟಿ ತಾವರೆಕೆರೆ, ಮಾಗಡಿ, ಬಿಡದಿಗಳ ಕಡೆಗೆ ಹೋಗಬೇಕು. ಅಲ್ಲಿಯ ಖುಷ್ಕಿ ಜಮೀನು ಬಹುಮಟ್ಟಿಗೆ ಕೆಂಪು ಮಣ್ಣು. ಈ ಮಣ್ಣಿನಲ್ಲಿ ಕೊಳೆತ ಸಸ್ಯಾಂಶ ಕಡಮೆ. ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಮೆ. ಹಲವು ವರ್ಷ ಕೊಟ್ಟಿಗೆ ಗೊಬ್ಬರವನ್ನು ಕಂಡ ಹೊಲವು ಮಳೆ ಕೆಲವು ದಿನ ತಡೆದರೂ ಹಸಿಯನ್ನು ಉಳಿಸಿಕೊಳ್ಳುವುದನ್ನೂ, ಪಕ್ಕದ ಬಡ ಹೊಲದಲ್ಲಿ ಪೈರು ಬಾಡುವುದನ್ನೂ ನೋಡದ ರೈತನಿಲ್ಲ. ಒಂದೇ ಅಂಗಡಿಯಿಂದ ತಂದ ಒಂದೇ ಮೂಟೆಯ ಗೊಬ್ಬರವು ಈ ಎರಡು ಹೊಲಗಳಲ್ಲಿ ಒಂದೇ ಫಲವನ್ನು ಕೊಡುವುದೆಂದು ಯಾರು ತಾನೆ ಹೇಳಿಯಾರು? ಒಂದು ವಸ್ತುವಿನ ಪರಿಣಾಮವು ಇನ್ನೊಂದು ವಸ್ತು ಎಷ್ಟಿದೆ ಎಂಬುದನ್ನು ಅವಲಂಬಿಸಿದ್ದರೆ ಅದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪರಸ್ಪರ ಪ್ರಭಾವವೆಂದು ಹೆಸರು. ಹೆಸರು ದೊಡ್ಡದು, ವಿಷಯವು ಪ್ರತಿಯೊಬ್ಬ ಬೇಸಾಯಗಾರನಿಗೂ ಗೊತ್ತಿರತಕ್ಕದ್ದೇ. ಗೊತ್ತಿರುವ ಈ ವಿಷಯವನ್ನು ಅಂಕಿಗಳಲ್ಲಿ ಓದುವಾಗ ಮಾತ್ರ ವಿದ್ಯಾವಂತರೂ ಎಡವುವರು.

ಲೆಕ್ಕವನ್ನು ಸ್ಪಷ್ಟಪಡಿಸುವುದಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳಬಹುದು. ಇವು ಯಾವ ಹೊಲದಲ್ಲಿಯೂ ತೂಗಿದ ಅಂಕಿಗಳಲ್ಲ, ಉದಾಹರಣೆಗಾಗಿ ಮಾತ್ರ. ಒಂದು ಹೊಲದಲ್ಲಿ ಸಮನಾದ ನಾಲ್ಕು ತಾಕುಗಳು. ಮೊದಲನೆಯದಕ್ಕೆ ಯಾವ ಗೊಬ್ಬರವೂ ಇಲ್ಲ; ಎಕರೆಯ ಲೆಕ್ಕದಲ್ಲಿ ೪೦೦ ಕಿಲೋಗ್ರಾಂ ರಾಗಿ. ಎರಡನೆಯದಕ್ಕೆ ಹತ್ತು ಗಾಡಿ ಕೊಟ್ಟಿಗೆ ಗೊಬ್ಬರ ಮಾತ್ರ, ೬೦೦ ಕಿಲೋಗ್ರಾಂ. ಮೂರನೆಯದಕ್ಕೆ ರಾಸಾಯನಿಕ ಗೊಬ್ಬರ ಮಾತ್ರ, ೫೫೦ ಕಿಲೋಗ್ರಾಂ. ನಾಲ್ಕನೆಯದಕ್ಕೆ ಎರಡೂ, ೯೫೦ ಕಿಲೋಗ್ರಾಂ. ಈಗ ರಾಸಾಯನಿಕ ಗೊಬ್ಬರದಿಂದ ಬೆಳೆ ಎಷ್ಟು ಹೆಚ್ಚಿತೆಂದು ಕೇಳಿದರೆ ಉತ್ತರ ಎರಡು. ಕೊಟ್ಟಿಗೆ ಗೊಬ್ಬರವಿಲ್ಲದ ಕಡೆ ೧೫೦ ಕಿಲೋಗ್ರಾಂ. ಇರುವ ಕಡೆ ೩೫೦ ಕಿಲೋಗ್ರಾಂ. ಈ ಎರಡು ಉತ್ತರಗಳ ನಡುವಣ ವ್ಯತ್ಯಾಸವಾದ ೨೦೦ ಕಿಲೋಗ್ರಾಮೇ ಪರಸ್ಪರ ಪ್ರಭಾವದ ಅಳತೆ.

ಎರಡು ಉತ್ತರಗಳನ್ನು ಹೇಳುವುದು ತೊಡಕೆಂದು ಭಾವಿಸಿ ಗುಮಾಸ್ತನೊಬ್ಬನು ಅವನ್ನು ಕೂಡಿ ಎರಡರಿಂದ ಭಾಗಿಸಿ, ಗೊಬ್ಬರದ ಫಲ ೨೫೦ ಕಿಲೋಗ್ರಾಂ ಎಂದು ಬರೆದನೆನ್ನೋಣ. ಗೊಬ್ಬರಕ್ಕೆ ತಗಲುವ ವೆಚ್ಚವು ೨೦೦ ಕಿಲೋಗ್ರಾಂ ರಾಗಿಯ ಬೆಲೆಗೆ ಸಮನಾಗಿದ್ದರೆ, ಆ ಸರಾಸರಿಯನ್ನು ನೋಡಿದವರು ಎಲ್ಲರೂ ಹಾಕಬಹುದೆಂದು ಸಲಹೆ ಕೊಡುವರು. ದನಕರುಗಳುಳ್ಳ ಜಮೀನುದಾರನು ಹಾಕುವನು. ಅವನಿಗೆ ೧೫೦ ಕಿಲೋಗ್ರಾಮಿನಷ್ಟು ಲಾಭ. ಎತ್ತುಗಳನ್ನು ಮಾರಿಕೊಂಡು ಬಾಡಿಗೆಯ ಟ್ರಾಕ್ಟರಿನಿಂದ ಉಳುವ ಎರಡೆಕರೆಯ ರೈತನೂ ಹಾಕುವನು. ಅವನಿಗೆ ಎಕರೆಗೆ ೫೦ ಕಿಲೋಗ್ರಾಮಿನಷ್ಟು ನಷ್ಟ. ಸಲಹೆಯು ಒಂದೇ, ಮೂಟೆಯೂ ಒಂದೇ. ನಷ್ಟ ಹೊಂದಿದವನು ತನ್ನ ಅದೃಷ್ಟವನ್ನೋ ಮಳೆಯನ್ನೋ ದೂರುವನೇ ಹೊರತು ಸರಾಸರಿಯನ್ನು ದೂರಲಾರನು. ಅದು ಅವನ ಕಣ್ಣಿಗೆ ಬಿದ್ದಿರುವುದೇ ಇಲ್ಲ. ಗ್ರಾಮದ ಮುಖಂಡರು ಈ ಲೆಕ್ಕವನ್ನು ತಿಳಿದಿರಬೇಕಾದದ್ದು ಇಂತಹ ರೈತನ ಸಲುವಾಗಿಯೇ.

ಇನ್ನು ಸೂತ್ರದ ವಿಷಯ. ನಾಲ್ಕು ತಾಕುಗಳಿಗೆ ಬದಲಾಗಿ ನೂರಾರು ಹೊಲಗಳ ಅಂಕಿಗಳನ್ನು ಕೂಡಿಸಿ, ಅವೆಲ್ಲಕ್ಕೂ ಆದಷ್ಟು ಸಮೀಪವಾಗಿ ಹೊಂದುವ ಒಂದು ಸೂತ್ರವನ್ನು ಕಂಡುಹಿಡಿಯುವ ಕ್ರಮಕ್ಕೆ ‘ರಿಗ್ರೆಷನ್’ ಎಂದು ಹೆಸರು. ಇಂದು ಯಂತ್ರಗಣಕಗಳು ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುವುವು. ಮೇಲಿನ ಉದಾಹರಣೆಯಲ್ಲಿ ಕೊಟ್ಟಿಗೆ ಗೊಬ್ಬರವನ್ನು ಗಾಡಿಗಳ ಲೆಕ್ಕದಲ್ಲಿ ಹಿಡಿದರೆ ಸೂತ್ರವು ಹೀಗಾಗುವುದು: ಮೊದಲು ೪೦೦, ಪ್ರತಿ ಗಾಡಿಗೆ ೨೦, ರಾಸಾಯನಿಕ ಗೊಬ್ಬರ ಹಾಕಿದ್ದರೆ ೧೫೦, ಹಾಕಿದ ಹೊಲದಲ್ಲಿ ಪ್ರತಿ ಗಾಡಿಗೆ ಮತ್ತೂ ೨೦. ಈ ಕಡೆಯ ಅಂಕಿಯೇ ಎರಡರ ಗುಣಲಬ್ಧದ ಮುಂದೆ ನಿಲ್ಲುವ ಗುಣಾಂಕ. ಆದುದರಿಂದ ರಾಸಾಯನಿಕ ಗೊಬ್ಬರದ ಫಲವು ೧೫೦ ಅಲ್ಲ. ೧೫೦ಕ್ಕೆ ಗಾಡಿಗಳ ಸಂಖ್ಯೆಯ ಇಪ್ಪತ್ತರಷ್ಟನ್ನು ಕೂಡಿಸಿದರೆ ಬರುವ ಮೊತ್ತ. ವೆಚ್ಚವು ೨೦೦ ಕಿಲೋಗ್ರಾಮಿಗೆ ಸಮನಾಗಿರುವಲ್ಲಿ ಎಕರೆಗೆ ಎರಡೂವರೆ ಗಾಡಿಗಿಂತ ಹೆಚ್ಚು ಕೊಟ್ಟಿಗೆ ಗೊಬ್ಬರವುಳ್ಳವನಿಗೆ ಮೂಟೆಯಿಂದ ಲಾಭ, ಅದಕ್ಕಿಂತ ಕಡಮೆಯುಳ್ಳವನಿಗೆ ನಷ್ಟ. ಸಲಹೆಯೆಂದರೆ ಇಂತಹದು.

ಇಲ್ಲಿ ಓದುಗರು ಎಚ್ಚರದಿಂದಿರಬೇಕಾದ ಒಂದು ಸೂಕ್ಷ್ಮವಿದೆ. ವರದಿಗಳ ಪಟ್ಟಿಯಲ್ಲಿ ‘ರಾಸಾಯನಿಕ ಗೊಬ್ಬರ: ೧೫೦’ ಎಂದು ಅಚ್ಚಾಗಿರುವುದನ್ನು ಕಂಡು ಅದೇ ಅದರ ಸಾಮಾನ್ಯ ಫಲವೆಂದು ತಿಳಿಯುವುದು ವಾಡಿಕೆ. ಅದು ಹಾಗಲ್ಲ. ಗುಣಲಬ್ಧದ ಪದವಿರುವ ಸೂತ್ರದಲ್ಲಿ ಆ ೧೫೦ ಎಂಬುದು ಒಂದು ಗಾಡಿಯೂ ಕೊಟ್ಟಿಗೆ ಗೊಬ್ಬರ ಬೀಳದ ಹೊಲದ ಫಲ ಮಾತ್ರ. ಇದೇ ಅಂಕಿಗಳನ್ನು ಇನ್ನೊಬ್ಬ ಲೆಕ್ಕಿಗನು ಸೊನ್ನೆಯಿಂದ ಎಣಿಸದೆ, ಹೋಬಳಿಯ ಸರಾಸರಿ ಆರು ಗಾಡಿಗಳೆಂದಿಟ್ಟುಕೊಂಡು ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಮೆ ಎಂದು ಎಣಿಸಿದರೆ, ಅವನ ಪಟ್ಟಿಯಲ್ಲಿ ಅದೇ ಸ್ಥಾನದಲ್ಲಿ ೨೭೦ ಎಂದು ಬರುವುದು. ಹೊಲ ಬದಲಾಗಲಿಲ್ಲ, ಬೆಳೆ ಬದಲಾಗಲಿಲ್ಲ, ಗುಣಲಬ್ಧದ ೨೦ ಎಂಬ ಅಂಕಿಯೂ ಬದಲಾಗಲಿಲ್ಲ. ಎಣಿಕೆಯ ಮೊದಲಷ್ಟೇ ಬದಲಾಯಿತು. ಇಬ್ಬರ ಲೆಕ್ಕವೂ ಸರಿ. ಎರಡು ವರದಿಗಳನ್ನು ಮುಂದಿಟ್ಟುಕೊಂಡು ಒಬ್ಬನು ಸುಳ್ಳು ಹೇಳಿದನೆಂದು ವಾದಿಸುವವರು ಸೊನ್ನೆ ಎಲ್ಲಿದೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಹಾಗೆಯೇ, ಹತ್ತು ಗಾಡಿಯವರೆಗೆ ಪರೀಕ್ಷಿಸಿದ ಸೂತ್ರವನ್ನು ಐವತ್ತು ಗಾಡಿಗೆ ಎಳೆಯಲಾಗದೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಎರಡನೆಯ ತಪ್ಪು ಇದಕ್ಕಿಂತಲೂ ಸಾಮಾನ್ಯವಾದುದು. ಎರಡು ಗೊಬ್ಬರಗಳನ್ನೂ ಹಾಕಿದ ತಾಕು ಎಲ್ಲಕ್ಕಿಂತ ಹೆಚ್ಚು ಬೆಳೆದರೆ, ಅವು ಒಂದಕ್ಕೊಂದು ಬಲ ಕೊಟ್ಟುವೆಂದು ಸಭೆಗಳಲ್ಲಿ ಹೇಳುವುದುಂಟು. ನಾಲ್ಕು ತಾಕುಗಳ ಬೆಳೆ ಕ್ರಮವಾಗಿ ೪೦೦, ೭೦೦, ೬೫೦, ೮೫೦ ಆಗಿರಲಿ. ಎರಡೂ ಕೂಡಿದ್ದೇ ಇಲ್ಲಿಯೂ ಮೊದಲನೆಯದು. ಆದರೆ ರಾಸಾಯನಿಕ ಗೊಬ್ಬರವು ಬರಿಯ ಹೊಲದಲ್ಲಿ ೨೫೦ ಕಿಲೋಗ್ರಾಂ ಹೆಚ್ಚಿಸಿತು, ಕೊಟ್ಟಿಗೆ ಗೊಬ್ಬರದ ಹೊಲದಲ್ಲಿ ೧೫೦ ಮಾತ್ರ. ಒಂದು ಮಾಡಬೇಕಾದ ಕೆಲಸದ ಕೆಲವು ಭಾಗವನ್ನು ಇನ್ನೊಂದು ಆಗಲೇ ಮಾಡಿಬಿಟ್ಟಿದೆ. ಗುಣಲಬ್ಧದ ಗುಣಾಂಕ ಇಲ್ಲಿ ಋಣಸಂಖ್ಯೆ. ವೆಚ್ಚವು ಮೊದಲಿನಷ್ಟೇ ಆದರೆ ಈಗ ಮೂಟೆ ಕೊಳ್ಳಬೇಕಾದವನು ದನವಿಲ್ಲದ ರೈತ. ದನವುಳ್ಳವನು ಕೊಂಡರೆ ನಷ್ಟ. ಸಲಹೆ ತಲೆಕೆಳಗಾಯಿತು. ಎರಡೂ ಸಂದರ್ಭಗಳಲ್ಲಿ ‘ಎರಡನ್ನೂ ಹಾಕಿದ್ದೇ ಶ್ರೇಷ್ಠ’ ಎಂಬ ಮಾತು ನಿಜವಾಗಿದ್ದರೂ, ಯಾರು ಹಣ ಖರ್ಚು ಮಾಡಬೇಕೆಂಬುದಕ್ಕೆ ಆ ಮಾತಿನಿಂದ ಪ್ರಯೋಜನವಿಲ್ಲ. ಶೇಕಡಾ ಲೆಕ್ಕವನ್ನು ಹೇಳುವವರ ವಿಷಯದಲ್ಲಿಯೂ ಇದೇ ಜಾಗರೂಕತೆ ಬೇಕು. ಬಡ ಹೊಲದಲ್ಲಿ ೪೦೦ ಇದ್ದದ್ದು ೫೦೦ ಆಗಿ, ಒಳ್ಳೆಯ ಹೊಲದಲ್ಲಿ ೬೦೦ ಇದ್ದದ್ದು ೭೫೦ ಆದರೆ ಎರಡು ಕಡೆಯೂ ಹೆಚ್ಚಳ ಶೇಕಡಾ ೨೫. ಶೇಕಡಾ ಲೆಕ್ಕದವರು ಪರಸ್ಪರ ಪ್ರಭಾವವೇ ಇಲ್ಲವೆನ್ನುವರು. ತೂಕದ ಲೆಕ್ಕದಲ್ಲಿ ಒಂದು ಕಡೆ ೧೦೦, ಇನ್ನೊಂದು ಕಡೆ ೧೫೦. ಗೊಬ್ಬರದ ಅಂಗಡಿಯವನು ಹಣವನ್ನು ಶೇಕಡಾ ಲೆಕ್ಕದಲ್ಲಿ ತೆಗೆದುಕೊಳ್ಳುವುದಿಲ್ಲವಾದುದರಿಂದ ರೈತನಿಗೆ ತೂಕದ ಲೆಕ್ಕವೇ ಪ್ರಕೃತವಾದುದು.

ಕಲ್ಪಿತ ಅಂಕಿಗಳನ್ನು ಬಿಟ್ಟು ನಿಜವಾದ ಪ್ರಯೋಗದ ಕಡೆಗೆ ತಿರುಗಿದರೆ, ಬೆಂಗಳೂರಿನಲ್ಲಿಯೇ ಅತ್ಯಂತ ಬೆಲೆಯುಳ್ಳ ದೃಷ್ಟಾಂತವೊಂದು ದೊರೆಯುವುದು. ಹೆಬ್ಬಾಳದಲ್ಲಿ ೧೮೯೯ರಷ್ಟು ಹಿಂದೆಯೇ ವ್ಯವಸಾಯ ಪ್ರಯೋಗಗಳಿಗೆ ಅಂಕುರಾರ್ಪಣವಾಯಿತು. ಕೃಷಿ ವಿಶ್ವವಿದ್ಯಾನಿಲಯವು ೧೯೬೪ರಲ್ಲಿ ಸ್ಥಾಪಿತವಾದ ಮೇಲೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನ ಖುಷ್ಕಿ ಭೂಮಿಯಲ್ಲಿ, ೧೯೭೮ರಿಂದ, ಮಳೆಯಾಧಾರದ ರಾಗಿಯ ಮೇಲೆ ದೀರ್ಘಕಾಲದ ಗೊಬ್ಬರ ಪ್ರಯೋಗವೊಂದು ಪ್ರಾರಂಭವಾಯಿತು. ಅದರಲ್ಲಿ ಗೊಬ್ಬರವಿಲ್ಲದ ತಾಕು, ಹೆಕ್ಟೇರಿಗೆ ೧೦ ಟನ್ ಕೊಟ್ಟಿಗೆ ಗೊಬ್ಬರದ ತಾಕು, ಶಿಫಾರಸು ಮಾಡಿದಷ್ಟು ರಾಸಾಯನಿಕ ಗೊಬ್ಬರದ ತಾಕು, ಎರಡೂ ಕೂಡಿದ ತಾಕು, ಕೊಟ್ಟಿಗೆ ಗೊಬ್ಬರದೊಡನೆ ಅರ್ಧ ಪ್ರಮಾಣದ ರಾಸಾಯನಿಕ ಗೊಬ್ಬರದ ತಾಕು, ಇವು ಸೇರಿವೆ. ಮೇಲೆ ಹೇಳಿದ ನಾಲ್ಕು ಮೂಲೆಗಳೂ ಇಲ್ಲಿರುವುದನ್ನು ಓದುಗರು ಗಮನಿಸಬಹುದು. ವರ್ಷಗಳು ಕಳೆದಂತೆ ಕಂಡುಬಂದ ವಿಷಯವೇನೆಂದರೆ, ಬರಿಯ ರಾಸಾಯನಿಕ ಗೊಬ್ಬರದ ತಾಕಿನ ಬೆಳೆ ಕ್ರಮೇಣ ಇಳಿಮುಖವಾಯಿತು. ಎರಡೂ ಕೂಡಿದ ತಾಕಿನ ಬೆಳೆ ಮೇಲಾಗಿಯೂ ಸ್ಥಿರವಾಗಿಯೂ ನಿಂತಿತು. ಅಂದರೆ ಮೂಟೆಯ ಫಲವು ಕೊಟ್ಟಿಗೆ ಗೊಬ್ಬರವನ್ನು ಮಾತ್ರವಲ್ಲದೆ, ಎಷ್ಟು ವರ್ಷಗಳಿಂದ ಆ ಕ್ರಮ ನಡೆದುಬಂದಿದೆ ಎಂಬುದನ್ನೂ ಅವಲಂಬಿಸಿತು. ಮೊದಲ ಎರಡು ಮೂರು ವರ್ಷಗಳ ಅಂಕಿಯನ್ನು ನೋಡಿ ಪ್ರಯೋಗವನ್ನು ನಿಲ್ಲಿಸಿದ್ದರೆ ಈ ಸಂಗತಿಯು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದೇ ಬೆಳೆಗಾಲದ ಪ್ರದರ್ಶನ ತಾಕನ್ನು ತೋರಿಸಿ ಊರವರನ್ನು ಒಪ್ಪಿಸುವ ಪದ್ಧತಿಗೆ ಇರುವ ಕೊರತೆಯೂ ಇದೇ.

ಗೊಬ್ಬರದ ಜೊತೆಗೂಡುವ ಎರಡನೆಯ ವಸ್ತು ಯಾವಾಗಲೂ ಕೊಟ್ಟಿಗೆ ಗೊಬ್ಬರವೇ ಆಗಬೇಕೆಂದಿಲ್ಲ. ಮೇಲೆ ಹೇಳಿದ ಬಡಾವಣೆಗಳ ಕೊಳಚೆ ನೀರು ವೃಷಭಾವತಿಗೆ ಸೇರಿ, ಕೆಂಗೇರಿಯನ್ನು ಹಾಯ್ದು, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಹೋಗುವುದು ಆ ಭಾಗದ ಎಲ್ಲರಿಗೂ ವಿದಿತವಾದ ವಿಷಯ. ಆ ನೀರಿನಿಂದ ಬರುವ ಇತರ ಕೇಡುಗಳ ಮಾತು ಬೇರೆ. ಅದು ಪ್ರತ್ಯೇಕವಾಗಿ ವಿಚಾರ ಮಾಡತಕ್ಕಷ್ಟು ದೊಡ್ಡದು. ಗೊಬ್ಬರದ ಮಟ್ಟಿಗೆ ಹೇಳುವುದಾದರೆ, ಕೊಳಚೆ ನೀರು ಸಾರಜನಕವನ್ನು ಹೊತ್ತು ತರುವುದು. ಅಂತಹ ನೀರುಣ್ಣುವ ಜಮೀನಿಗೆ ಯೂರಿಯವನ್ನೂ ಸುರಿದರೆ, ಖುಷ್ಕಿ ಹೊಲದಲ್ಲಿ ಕಂಡ ಫಲವು ಇಲ್ಲಿ ಬರಲಾರದು. ಸಾರಜನಕ ಮಿತಿಮೀರಿದ ಭತ್ತದ ಪೈರು ಎಲೆಯಲ್ಲಿ ಸೊಕ್ಕಿ, ತೆನೆ ಬಲಿಯುವ ಮೊದಲೇ ನೆಲಕ್ಕೆ ಒರಗುವುದು. ಹೀಗೆ ಒರಗುವುದೂ ತಳಿಯನ್ನು ಅನುಸರಿಸಿರುವುದು. ಎತ್ತರವಾದ ಹಳೆಯ ಭತ್ತದ ತಳಿಗಳು ಹೆಚ್ಚು ಸಾರಜನಕವನ್ನು ತಾಳಲಾರವು. ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ೧೯೬೬ರಲ್ಲಿ ಹೊರಬಂದ ಐ.ಆರ್. ೮ ಎಂಬ ಗಿಡ್ಡ ತಳಿಯು ತಾಳಬಲ್ಲುದಾಗಿತ್ತು. ಹೊಸ ತಳಿ ಒಳ್ಳೆಯದೋ ಹಳೆಯದು ಒಳ್ಳೆಯದೋ ಎಂಬ ಚರ್ಚೆಗಳು ಬಹುಕಾಲ ನಡೆದುವು. ಎಷ್ಟು ಸಾರಜನಕದಲ್ಲಿ ಎಂದು ಸೇರಿಸದೆ ಕೇಳಿದ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಕೆಂಗೇರಿಯ ಕಡೆಯ ಒಂದೇ ಗ್ರಾಮದಲ್ಲಿ ದಿಣ್ಣೆಯ ಮೇಲಿನ ರಾಗಿ ಹೊಲವೂ ಕಣಿವೆಯ ನೀರಾವರಿ ಜಮೀನೂ ಇದ್ದರೆ, ಆ ಗ್ರಾಮಕ್ಕೆಲ್ಲ ಒಂದೇ ಚೀಟಿಯಲ್ಲಿ ಗೊಬ್ಬರದ ಪ್ರಮಾಣವನ್ನು ಬರೆದುಕೊಡುವುದು ಎಷ್ಟರ ಮಟ್ಟಿಗೆ ಉಚಿತವೆಂಬುದನ್ನು ಊಹಿಸಬಹುದು.

ಎರಡು ಮೂರು ಕಾರಣಗಳನ್ನು ಒಂದೇ ಪ್ರಯೋಗದಲ್ಲಿ ಒಟ್ಟಿಗೆ ಪರೀಕ್ಷಿಸುವ ಕ್ರಮವು ಬೇಸಾಯದಿಂದಲೇ ಹುಟ್ಟಿತೆಂಬುದು ರೈತರಿಗೆ ಅಭಿಮಾನದ ಸಂಗತಿ. ಇಂಗ್ಲೆಂಡಿನ ರಾಥಂಸ್ಟೆಡ್ ಪ್ರಯೋಗ ಕ್ಷೇತ್ರದಲ್ಲಿ ೧೮೪೩ರಿಂದಲೂ ಗೋಧಿಯ ಮೇಲೆ ಗೊಬ್ಬರದ ಪ್ರಯೋಗಗಳು ನಡೆದಿದ್ದುವು. ಅಲ್ಲಿಗೆ ೧೯೧೯ರಲ್ಲಿ ಬಂದ ಆರ್.ಎ. ಫಿಷರ್ ಎಂಬ ವಿದ್ವಾಂಸರು, ಮೆಕೆಂಜಿ ಎಂಬುವರೊಡನೆ ೧೯೨೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹನ್ನೆರಡು ಆಲೂಗೆಡ್ಡೆ ತಳಿಗಳು ಗೊಬ್ಬರಕ್ಕೆ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುವುವೇ ಎಂದು ಪರೀಕ್ಷಿಸಿದರು. ಹಾಗೆ ಹೇಳಲು ಸಾಕಾದಷ್ಟು ಆಧಾರ ದೊರೆಯಲಿಲ್ಲ. ಎಲ್ಲ ಕಡೆಯೂ ಪರಸ್ಪರ ಪ್ರಭಾವವನ್ನು ಕಾಣುವ ಉತ್ಸಾಹಿಗಳು ಇದನ್ನು ನೆನಪಿನಲ್ಲಿಡುವುದು ಮೇಲು. ಆದಾಗ್ಯೂ, ಒಂದು ಸಾರಿಗೆ ಒಂದೇ ಪ್ರಶ್ನೆಯನ್ನು ಕೇಳಬೇಕೆಂಬ ಹಳೆಯ ನಿಯಮವು ತಪ್ಪೆಂದು ಫಿಷರರು ೧೯೨೬ರಲ್ಲಿ ವಾದಿಸಿದರು. ಅವರ ಸಹೋದ್ಯೋಗಿ ಯೇಟ್ಸ್ ಅವರು ೧೯೩೭ರಲ್ಲಿ ಈ ಬಗೆಯ ಪ್ರಯೋಗಗಳ ಕ್ರಮವನ್ನು ವಿಸ್ತಾರವಾಗಿ ಬರೆದರು. ಭಾರತದಲ್ಲಿ ಪಾನ್ಸೆ ಮತ್ತು ಸುಖಾತ್ಮೆ ಅವರ ಗ್ರಂಥವು ೧೯೫೪ರಲ್ಲಿ ಹೊರಬಿದ್ದು ವ್ಯವಸಾಯದ ಅಧಿಕಾರಿಗಳಿಗೆ ಕೈಪಿಡಿಯಾಯಿತು. ಮಹಾಲನೋಬಿಸ್ ಅವರು ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವಂತೂ ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಸಮೀಪದಲ್ಲಿಯೇ ಇರುವುದು. ಶಾಸ್ತ್ರವು ಹೊಲದ ಅಂಚಿನವರೆಗೆ ಬಂದು ನಿಂತಿದ್ದರೂ ರೈತನ ಕೈಗೆ ಬರುವ ಕಾಗದದಲ್ಲಿ ಇನ್ನೂ ಒಂದೇ ಅಂಕಿ ಉಳಿದಿರುವುದು ವಿಷಾದಕರ.

ಈ ವಾದಕ್ಕೆ ಒಂದು ಆಕ್ಷೇಪಣೆ ಬರುವುದು, ಅದು ನ್ಯಾಯವಾದುದೂ ಹೌದು. ಒಂದು ಗೊಬ್ಬರದ ಸರಾಸರಿ ಫಲವನ್ನು ಗೊತ್ತುಮಾಡುವುದಕ್ಕಿಂತ ಎರಡು ಫಲಗಳ ವ್ಯತ್ಯಾಸವನ್ನು ಗೊತ್ತುಮಾಡುವುದು ಕಷ್ಟ. ಅಷ್ಟೇ ತಾಕುಗಳಿಂದ ಲೆಕ್ಕ ಹಾಕಿದಾಗ ಈ ವ್ಯತ್ಯಾಸದ ಅನಿಶ್ಚಯವು ಸರಾಸರಿಯ ಅನಿಶ್ಚಯದ ಎರಡರಷ್ಟಿರುವುದು. ಅದನ್ನು ಸಮಮಾಡಬೇಕಾದರೆ ತಾಕುಗಳು ನಾಲ್ಕರಷ್ಟಾಗಬೇಕು. ಆದುದರಿಂದ ಒಬ್ಬನ ಹೊಲದ ನಾಲ್ಕು ತಾಕುಗಳಿಂದ ಏನನ್ನೂ ಸಾಧಿಸಲಾಗದು. ಪರಸ್ಪರ ಪ್ರಭಾವ ‘ಕಂಡುಬರಲಿಲ್ಲ’ ಎಂದು ವರದಿಯಲ್ಲಿದ್ದರೆ ಅದು ‘ಇಲ್ಲ’ ಎಂಬುದಕ್ಕೆ ಸಮಾನವೂ ಅಲ್ಲ. ತಾಕುಗಳು ಎಷ್ಟಿದ್ದುವೆಂದು ಕೇಳಬೇಕು. ಮತ್ತೊಂದು ತೊಡಕೂ ಉಂಟು. ರೈತರು ತಮ್ಮಿಷ್ಟದಂತೆ ಮಾಡಿದ ಬೇಸಾಯದ ಅಂಕಿಗಳನ್ನು ಕೂಡಿಸಿ ಸೂತ್ರ ಕಟ್ಟಿದರೆ, ಕೊಟ್ಟಿಗೆ ಗೊಬ್ಬರ ಹೆಚ್ಚಾಗಿರುವವನ ಹೊಲವೇ ತಗ್ಗಿನ ಒಳ್ಳೆಯ ಹೊಲವಾಗಿರುವುದು ಸಹಜ; ಕೆರೆಗೋಡನ್ನು ಹೊಡೆಸಿದವನೂ ಅವನೇ. ಆಗ ಗುಣಲಬ್ಧದ ಗುಣಾಂಕವು ಗೊಬ್ಬರದ ಗುಣವನ್ನು ಹೇಳುತ್ತದೆಯೋ ಹೊಲದ ಗುಣವನ್ನು ಹೇಳುತ್ತದೆಯೋ ಬೇರ್ಪಡಿಸಲಾಗದು. ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕೆಂದು ಫಿಷರರು ಹಟ ಹಿಡಿದದ್ದು ಈ ಕಾರಣದಿಂದಲೇ.

ಇವೆಲ್ಲವೂ ಪ್ರಯೋಗವನ್ನು ಬಿಡುವುದಕ್ಕೆ ಕಾರಣಗಳಲ್ಲ, ಕೂಡಿ ಮಾಡುವುದಕ್ಕೆ ಕಾರಣಗಳು. ಒಂದು ಹೋಬಳಿಯ ಇಪ್ಪತ್ತು ಗ್ರಾಮಗಳ ಮುಖಂಡರು ತಲಾ ಎಂಟು ಗುಂಟೆಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಎಂಬತ್ತು ತಾಕುಗಳಾಗುವುವು. ಅಷ್ಟರ ಅಂಕಿಗೆ ಬೆಲೆಯಿದೆ. ತಾಕಿಗೆ ಎರಡು ಗುಂಟೆ. ತಳಿ, ಬಿತ್ತನೆಯ ದಿನ, ಕಳೆ ತೆಗೆಯುವುದು ನಾಲ್ಕಕ್ಕೂ ಸಮಾನ. ಜಮೀನುದಾರರಲ್ಲಿ ಅನೇಕರು ಗೊಬ್ಬರವಿಲ್ಲದ ತಾಕನ್ನು ಬಿಡಲು ಒಪ್ಪುವುದಿಲ್ಲ. ಎರಡು ಗುಂಟೆಯ ಬೆಳೆ ಹಾಳಾಯಿತೆಂದು ಮರುಗುವರು. ಆ ತಾಕಿಲ್ಲದಿದ್ದರೆ ಉಳಿದ ಮೂರರಿಂದ ಪರಸ್ಪರ ಪ್ರಭಾವವನ್ನು ಲೆಕ್ಕ ಹಾಕುವ ದಾರಿಯೇ ಇಲ್ಲವೆಂಬುದನ್ನು ಅವರಿಗೆ ತಿಳಿಯಹೇಳಬೇಕು. ಇನ್ನು ಶಿಫಾರಸುಗಳನ್ನು ಅಚ್ಚುಹಾಕಿಸುವವರು ಎರಡು ಸಾಲುಗಳನ್ನಾದರೂ ಅಚ್ಚುಹಾಕಿಸಲಿ: ಕೊಟ್ಟಿಗೆ ಗೊಬ್ಬರ ಬಿದ್ದ ಹೊಲಕ್ಕೆ ಇಷ್ಟು, ಬೀಳದ ಹೊಲಕ್ಕೆ ಇಷ್ಟು. ಹಾಗೆ ಅಚ್ಚಾಗದ ಕಾಗದವನ್ನು ಯಾರಾದರೂ ಗ್ರಾಮಸಭೆಯಲ್ಲಿ ಓದಿದರೆ, ಯಾವ ಹೊಲಕ್ಕೆ ಎಂದು ಕೇಳುವ ಹಕ್ಕು ಸಭೆಗಿದೆ.

ಪ್ರಯೋಗ ಕೆಡುವುದು ಹೆಚ್ಚಾಗಿ ಕೊಯ್ಲಿನ ದಿನದಲ್ಲಿ. ನಾಲ್ಕು ತಾಕುಗಳ ರಾಗಿಯನ್ನೂ ಒಂದೇ ಮೆದೆಗೆ ಹಾಕಿದರೆ ವರ್ಷದ ಶ್ರಮವೆಲ್ಲವೂ ಒಂದೇ ಸರಾಸರಿಯಾಗಿ ಹೋಗುವುದು. ಪ್ರತಿಯೊಂದು ತಾಕಿನ ಕಂತೆಗಳಿಗೂ ಬೇರೆ ಗುರುತು ಕಟ್ಟಿಸಿ, ಬೇರೆಯಾಗಿ ಒಕ್ಕಿಸಿ, ಒಣಗಿದ ಕಾಳನ್ನು ಒಂದೇ ತಕ್ಕಡಿಯಲ್ಲಿ ತೂಗಿಸಿ, ನಾಲ್ಕು ತೂಕಗಳನ್ನೂ ಆ ಹೊಲಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಬಿದ್ದ ಗಾಡಿಗಳ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆಯಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಲಪಿಸತಕ್ಕದ್ದು.